ಮೂರು ವೋಟು, ಐದು ಪಕ್ಷ: ಲಂಡನ್ ಕೌನ್ಸಿಲ್ ಚುನಾವಣೆಯಲ್ಲಿ ಯಾರನ್ನು ಆರಿಸುವುದು?

ನಮ್ಮ ಅಡುಗೆಮನೆ ಮೇಜಿನ ಮೇಲೆ ಈಗ ಒಂಬತ್ತು ಕರಪತ್ರಗಳಿವೆ. ಕೆಂಪು (ಲೇಬರ್) ಮೂರು, ನೀಲಿ (ಕನ್ಸರ್ವೇಟಿವ್) ಎರಡು, ಕಿತ್ತಳೆ (ಲಿಬರಲ್ ಡೆಮೊಕ್ರಾಟ್) ಎರಡು, ಹಸಿರು (ಗ್ರೀನ್) ಒಂದು, ತಿಳಿನೀಲಿ (ರಿಫಾರ್ಮ್ ಯುಕೆ) ಒಂದು. ನಿನ್ನೆ ಸಂಜೆ ಚಹಾ ಕುಡಿಯುತ್ತಾ ಪಕ್ಷವಾರು ಜೋಡಿಸಿದೆ. ಒಂದರಲ್ಲಿ ಅಭ್ಯರ್ಥಿ ರಸ್ತೆಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಇನ್ನೊಂದರಲ್ಲಿ ಬೇರೆ ಪಕ್ಷದವರು ಅದೇ ಬೀದಿಯ ಅದೇ ಗುಂಡಿಯ ಪಕ್ಕ ನಿಂತಿದ್ದಾರೆ. ಮುಚ್ಚಿಸುತ್ತೇವೆ ಅಂತ ಇಬ್ಬರೂ ಮಾತು ಕೊಟ್ಟಿದ್ದಾರೆ. ಹಾಗಾದರೆ ವೋಟು ಯಾರಿಗೆ?

2026ರ ಮೇ 7, ಗುರುವಾರ. ಲಂಡನ್‌ನ 32 ಬರೋ (ನಗರದ ಆಡಳಿತ ವಿಭಾಗ) ಕೌನ್ಸಿಲ್‌ಗಳ ಎಲ್ಲ ಸ್ಥಾನಗಳಿಗೂ ಅವತ್ತು ಮತದಾನ. ಬರ್ಮಿಂಗ್‌ಹ್ಯಾಮ್‌ನಂಥ ಬೇರೆ ದೊಡ್ಡ ಊರುಗಳಲ್ಲೂ ಇದೆ. ಆದರೆ ನಾನು ಲಂಡನ್ ಲೆಕ್ಕವನ್ನೇ ಜಾಸ್ತಿ ಹೇಳುತ್ತೇನೆ. ಇಲ್ಲಿಯ ಎಷ್ಟೋ ವಾರ್ಡ್‌ಗಳಲ್ಲಿ ಒಬ್ಬೊಬ್ಬರಿಗೆ ಮೂರು ವೋಟು ಇರುತ್ತದೆ. ಆಯ್ಕೆಯ ಆಟ ಅಲ್ಲೇ ಶುರುವಾಗುವುದು.

ಮೊದಲು ಒಂದು ವಿಷಯ. ಭಾರತದ ಪಾಸ್‌ಪೋರ್ಟ್ ಇದ್ದರೂ ನಿಮಗೆ ಇಲ್ಲಿ ವೋಟು ಇದೆ. ಭಾರತ ಕಾಮನ್‌ವೆಲ್ತ್ ದೇಶ. ಸರಿಯಾದ ವೀಸಾದ ಮೇಲೆ ಇಲ್ಲಿ ವಾಸ ಮಾಡುವ, 18 ತುಂಬಿದ ಭಾರತೀಯರು ಹೆಸರು ನೋಂದಾಯಿಸಿಕೊಂಡು ವೋಟು ಹಾಕಬಹುದು. ಕೆಲಸದ ವೀಸಾ ಇರಲಿ, ವಿದ್ಯಾರ್ಥಿ ವೀಸಾ ಇರಲಿ. ನನಗೂ ಇದು ಗೊತ್ತಿರಲಿಲ್ಲ, ಬಂದ ಹೊಸದರಲ್ಲಿ ಒಂದು ಚುನಾವಣೆ ಸುಮ್ನೆ ಕಳೆದುಹೋಯಿತು. ಬೆಂಗಳೂರಿನಲ್ಲಿ ಪಾಲಿಕೆ ಸದಸ್ಯರನ್ನು ಆರಿಸಿದ್ದು 2015ರ ಆಗಸ್ಟ್‌ನಲ್ಲಿ. ಅವರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು, ಆಮೇಲೆ ವರ್ಷಗಟ್ಟಲೆ ವಾರ್ಡಿಗೆ ಕೇಳುವವರೇ ಇಲ್ಲದ ಹಾಗಾಯಿತು. ಕಸದ ಗಾಡಿ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಅಲ್ಲಿರುವ ನನ್ನ ತಂಗಿ ಈಗಲೂ ಕೇಳುತ್ತಾಳೆ. ಅದನ್ನು ಕಂಡವರಿಗೆ ಈ ಮೂರು ವೋಟಿನ ಬೆಲೆ ಗೊತ್ತು, ಅಲ್ವಾ?

ಟಿವಿಯ ಜಗಳ ಬೇರೆ, ಕೌನ್ಸಿಲ್ ಕೆಲಸ ಬೇರೆ

ನಮ್ಮವರಲ್ಲಿ ಬಹಳ ಜನ ವೋಟು ಹಾಕುವಾಗ ತಲೆಯಲ್ಲಿ ಇಟ್ಟುಕೊಳ್ಳುವುದು ವೀಸಾ ನಿಯಮ, ಆದಾಯ ತೆರಿಗೆ, ಆಸ್ಪತ್ರೆಯ ಕಾಯುವ ಪಟ್ಟಿ. ಇವು ಮೂರೂ ಕೌನ್ಸಿಲ್ ಕೈಯಲ್ಲಿ ಇಲ್ಲ. ವೀಸಾ ಗೃಹ ಇಲಾಖೆಯದ್ದು, ಆಸ್ಪತ್ರೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ದು. ಲಂಡನ್‌ನಲ್ಲಿ ಬಸ್ಸು, ಟ್ಯೂಬ್ (ಸುರಂಗ ರೈಲು) ಕೂಡ ಲಂಡನ್ ಮೇಯರ್ ಕೆಳಗೆ ಬರುತ್ತವೆ.

ಕೌನ್ಸಿಲ್ ಕೈಯಲ್ಲಿರುವುದು ಮನೆ ಬಾಗಿಲಿಗೆ ಹತ್ತಿರದ ವಿಷಯಗಳು. ಕಸ, ಬೀದಿ ದೀಪ, ಒಳರಸ್ತೆ, ಪಾರ್ಕಿಂಗ್ ಪರ್ಮಿಟ್, ಗ್ರಂಥಾಲಯ, ಪಾರ್ಕು. ಮನೆಯ ಹಿಂದೆ ಒಂದು ಕೋಣೆ ಕಟ್ಟಲು ಬೇಕಾದ ಅನುಮತಿ. ಎಲ್ಲಕ್ಕಿಂತ ದೊಡ್ಡ ಖರ್ಚು ವಯಸ್ಸಾದವರ ಮತ್ತು ಅಂಗವಿಕಲರ ಆರೈಕೆ, ದಿಕ್ಕಿಲ್ಲದ ಮಕ್ಕಳ ರಕ್ಷಣೆ, ಮನೆ ಇಲ್ಲದವರಿಗೆ ತಾತ್ಕಾಲಿಕ ವಸತಿ. ಕರಪತ್ರದಲ್ಲಿ ಗುಂಡಿ ಕಾಣುತ್ತದೆ, ಈ ಖರ್ಚು ಕಾಣುವುದಿಲ್ಲ. ಆದರೆ ಕೌನ್ಸಿಲ್ ಮುಳುಗುವುದು, ತೇಲುವುದು ಇದರಲ್ಲೇ.

ಮುಳುಗುವುದು ಅಂತ ಸುಮ್ಮನೆ ಹೇಳಲಿಲ್ಲ. ಆದಾಯಕ್ಕೂ ಖರ್ಚಿಗೂ ತಾಳೆಯಾಗದಿದ್ದರೆ ಕೌನ್ಸಿಲ್‌ನ ಹಣಕಾಸು ಅಧಿಕಾರಿ 114ನೇ ಸೆಕ್ಷನ್ ನೋಟಿಸ್ ಹೊರಡಿಸುತ್ತಾರೆ. ಅಲ್ಲಿಂದ ಕಾನೂನಿನ ಕಡ್ಡಾಯ ಸೇವೆ ಬಿಟ್ಟು ಹೊಸ ಖರ್ಚೆಲ್ಲ ಬಂದ್. ಕ್ರಾಯ್ಡನ್‌ನಲ್ಲಿ 2020ರಲ್ಲಿ ಹೀಗಾಯಿತು, ಆಗ ಅಧಿಕಾರದಲ್ಲಿ ಇದ್ದದ್ದು ಲೇಬರ್. 2021ರಲ್ಲಿ ಲಂಡನ್ ಹೊರಗಿನ ಸ್ಲೌ, ಅದೂ ಲೇಬರ್. 2022ರಲ್ಲಿ ಥರ್ರಾಕ್, ಅದು ಕನ್ಸರ್ವೇಟಿವ್. ಸೋಲಾರ್ ಕಂಪನಿಗಳಿಗೆ ಸಾಲದ ದುಡ್ಡು ಸುರಿದು ಕೈಸುಟ್ಟುಕೊಂಡರು. 2023ರಲ್ಲಿ ವೋಕಿಂಗ್. ಅಲ್ಲಿ ಕನ್ಸರ್ವೇಟಿವ್ ಕಾಲದಲ್ಲಿ ಎತ್ತರದ ಕಟ್ಟಡಗಳಿಗೆ ಮಾಡಿದ ಸಾಲ, ಆಮೇಲೆ ಬಂದ ಲಿಬರಲ್ ಡೆಮೊಕ್ರಾಟರ ತಲೆಗೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್.

ಇದರ ಬಿಲ್ಲು ಕಟ್ಟಿದ್ದು ಯಾರು? ಅಲ್ಲಿ ಮನೆ ಮಾಡಿಕೊಂಡವರು. ಸಾಮಾನ್ಯವಾಗಿ ಕೌನ್ಸಿಲ್ ತೆರಿಗೆಯನ್ನು (ಮನೆಗಳ ಮೇಲಿನ ತೆರಿಗೆ) ವರ್ಷಕ್ಕೆ 5 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಏರಿಸಬೇಕಾದರೆ ಜನಮತ ಕೇಳಬೇಕು. ಈ ಊರುಗಳಿಗೆ ಸರ್ಕಾರವೇ ಮಿತಿ ಸಡಿಲಿಸಿತು. ಕ್ರಾಯ್ಡನ್‌ನಲ್ಲಿ 2023ರಲ್ಲಿ ಒಂದೇ ಏಟಿಗೆ ಸುಮಾರು 15 ಶೇಕಡಾ ಏರಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ 2024ರಲ್ಲಿ ಸುಮಾರು 10, ಮುಂದಿನ ವರ್ಷ ಮತ್ತೆ ಸುಮಾರು 7.5. ಅದರ ಮೇಲೆ 2025ರಲ್ಲಿ ಕಸ ತೆಗೆಯುವವರ ಮುಷ್ಕರ, ಬೀದಿಬೀದಿಯಲ್ಲಿ ಕಪ್ಪು ಚೀಲಗಳ ರಾಶಿ.

ಹಾಸಿಗೆ ಇದ್ದಷ್ಟು ಕಾಲು ಚಾಚದ ಕೌನ್ಸಿಲ್ ಯಾವ ಬಣ್ಣದ್ದೂ ಆಗಬಹುದು. ಹಾಗಾಗಿ ನನ್ನ ಮೊದಲ ಅಳತೆಗೋಲು ಪಕ್ಷ ಅಲ್ಲ. ಲೆಕ್ಕ ಕೇಳುವವರು ಕೌನ್ಸಿಲ್ ಒಳಗೆ ಸಾಕಷ್ಟು ಇದ್ದಾರಾ ಅನ್ನುವುದು. ಲೂಯಿಷಮ್ ನೋಡಿ. 2018ರಲ್ಲೂ 2022ರಲ್ಲೂ 54ಕ್ಕೆ 54 ಸ್ಥಾನ ಲೇಬರ್‌ಗೇ. ಬೇರೆ ಪಕ್ಷಗಳಿಗೂ ಸಾವಿರಾರು ಜನ ವೋಟು ಹಾಕಿದ್ದರು, ಒಂದು ಕುರ್ಚಿಯೂ ಸಿಗಲಿಲ್ಲ. ರಿಚ್ಮಂಡ್‌ನಲ್ಲಿ 2022ರಲ್ಲಿ 54ರಲ್ಲಿ 48 ಲಿಬರಲ್ ಡೆಮೊಕ್ರಾಟರದು. ಆಳುವವರು ಒಳ್ಳೆಯವರೇ ಇರಬಹುದು. ಆದರೂ ಎದುರು ಕೂತು ಪ್ರಶ್ನೆ ಕೇಳುವ ನಾಲ್ಕು ಜನ ಬೇಕು. ನಿಮ್ಮ ಕೌನ್ಸಿಲ್ ಹೀಗೆ ಒಂದೇ ಪಕ್ಷದ ಕೈಯಲ್ಲಿದ್ದರೆ, ಮೂರರಲ್ಲಿ ಒಂದು ವೋಟನ್ನಾದರೂ ಎದುರಿನ ಒಳ್ಳೆಯ ಅಭ್ಯರ್ಥಿಗೆ ಕೊಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಐದು ಪಕ್ಷ: ಯಾರಿಗೆ ಎಲ್ಲಿ ಬಲ?

ಲೇಬರ್‌ಗೆ ಈ ಸಲ ಕಾಪಾಡಿಕೊಳ್ಳಬೇಕಾದದ್ದೇ ಜಾಸ್ತಿ. 2022ರಲ್ಲಿ ಅವರು ವಿರೋಧ ಪಕ್ಷದಲ್ಲಿದ್ದರು, ಗಾಳಿ ಬೆನ್ನಿಗಿತ್ತು. 1978ರಿಂದ ಕನ್ಸರ್ವೇಟಿವ್ ಕೋಟೆಯಾಗಿದ್ದ ವಾಂಡ್ಸ್‌ವರ್ತ್ ಗೆದ್ದರು. ವೆಸ್ಟ್‌ಮಿನ್ಸ್ಟರ್ ಮೊಟ್ಟಮೊದಲ ಬಾರಿಗೆ ಅವರ ಕೈಗೆ ಬಂತು. ಬಾರ್ನೆಟ್ ಕೂಡ. ಆದರೆ 2024ರ ಜುಲೈಯಿಂದ ದೇಶ ಆಳುತ್ತಿರುವುದೂ ಅವರೇ. ಮೇಲೆ ಆಳುವ ಪಕ್ಷಕ್ಕೆ ಕೆಳಗೆ ಏಟು ಬೀಳುವುದು ಈ ದೇಶದ ಹಳೇ ರೂಢಿ. 1995ರಲ್ಲಿ, 2019ರಲ್ಲಿ, 2023ರಲ್ಲಿ ಕನ್ಸರ್ವೇಟಿವ್‌ನವರು ಒಂದೊಂದು ಸಲಕ್ಕೂ ಸಾವಿರಕ್ಕಿಂತ ಜಾಸ್ತಿ ಕೌನ್ಸಿಲರ್‌ಗಳನ್ನು ಕಳೆದುಕೊಂಡರು. ಈಗ ಅದೇ ಬಿಸಿ ಲೇಬರ್‌ಗೆ.

ಕನ್ಸರ್ವೇಟಿವ್‌ಗೆ ಹೊರವಲಯ ಲಂಡನ್ ಆಸರೆ. ಗುಜರಾತಿಗಳು, ನಮ್ಮವರು ಜಾಸ್ತಿ ಇರುವ ಹ್ಯಾರೋವನ್ನು 2022ರಲ್ಲಿ ಲೇಬರ್‌ನಿಂದ ಕಿತ್ತುಕೊಂಡರು, 55ರಲ್ಲಿ 31. ಜನರೇ ನೇರವಾಗಿ ಆರಿಸುವ ಕ್ರಾಯ್ಡನ್ ಮೇಯರ್ ಸ್ಥಾನವನ್ನು 600ಕ್ಕಿಂತ ಕಡಿಮೆ ವೋಟಿನಲ್ಲಿ ಗೆದ್ದರು. ಅಲ್ಲಿ ಎರಡನೇ ಆಯ್ಕೆ ಬರೆಯುವ ಪದ್ಧತಿ ಆಗ ಇತ್ತು. ಈ ಸಲ ಅದಿಲ್ಲ, ಒಂದೇ ಗುರುತು. ಕ್ರಾಯ್ಡನ್, ನ್ಯೂಹಮ್, ಹ್ಯಾಕ್ನಿ, ಲೂಯಿಷಮ್, ಟವರ್ ಹ್ಯಾಮ್ಲೆಟ್ಸ್ ಈ ಐದು ಕಡೆ ಇರುವವರು ನೆನಪಿಡಿ. ನಿಮಗೆ ಮೇಯರ್‌ಗೆ ಬೇರೆ ಮತಪತ್ರ ಕೊಡುತ್ತಾರೆ.

ರಿಫಾರ್ಮ್ ಯುಕೆ 2025ರ ಮೇನಲ್ಲಿ ಲಂಡನ್ ಹೊರಗೆ ನಡೆದ ಚುನಾವಣೆಯಲ್ಲಿ 670ಕ್ಕೂ ಜಾಸ್ತಿ ಸ್ಥಾನ, ಹತ್ತು ಕೌನ್ಸಿಲ್ ಗೆದ್ದಿತು. ಹೆಚ್ಚುಕಮ್ಮಿ ಅಷ್ಟೇ ಸ್ಥಾನವನ್ನು ಕನ್ಸರ್ವೇಟಿವ್ ಕಳೆದುಕೊಂಡಿತು. ಲಂಡನ್‌ನಲ್ಲಿ ಅವರ ಕಣ್ಣಿರುವುದು ಹೇವರಿಂಗ್, ಬೆಕ್ಸ್‌ಲಿ, ಬ್ರಾಮ್ಲಿಯಂಥ ಅಂಚಿನ ಕಡೆ. ವಲಸೆ ಬಂದವರ ಬಗ್ಗೆ ಈ ಪಕ್ಷ ಆಡುವ ಮಾತು ನಮ್ಮಂಥವರಿಗೆ ನೋವು ಕೊಡುತ್ತದೆ, ನನಗೂ ಕೊಟ್ಟಿದೆ. ಆದರೂ ಅವರ ಬಲವನ್ನು ಕಡೆಗಣಿಸಿ ಲೆಕ್ಕ ಹಾಕಿದರೆ ನಮ್ಮ ಲೆಕ್ಕವೇ ತಪ್ಪುತ್ತದೆ.

ಗ್ರೀನ್ ಪಕ್ಷಕ್ಕೆ ಒಳಲಂಡನ್‌ನಲ್ಲಿ, ಬಾಡಿಗೆ ಮನೆಯಲ್ಲಿರುವ ಯುವಕರ ನಡುವೆ ಬೆಂಬಲ ಬೆಳೆಯುತ್ತಿದೆ. ಲೇಬರ್ ಮೇಲೆ ಮುನಿಸಿಕೊಂಡವರು ಅಲ್ಲಿಗೆ ಹೋಗುತ್ತಿದ್ದಾರೆ. ಲಿಬರಲ್ ಡೆಮೊಕ್ರಾಟರು ನೈಋತ್ಯದ ರಿಚ್ಮಂಡ್, ಕಿಂಗ್‌ಸ್ಟನ್, ಸಟನ್‌ನಲ್ಲಿ ಬೇರುಬಿಟ್ಟಿದ್ದಾರೆ. ಬೇರೆ ಕಡೆ ವಾರ್ಡು ಹಿಡಿದು ಕೆಲಸ ಮಾಡುತ್ತಾರೆ.

ಐದು ಜನ ಓಡುವಾಗ ಗೆಲ್ಲಲು ಎಷ್ಟು ಬೇಕು? ಬಹಳ ಕಡಿಮೆ. 2025ರಲ್ಲಿ ಬ್ರಿಸ್ಟಲ್ ಸುತ್ತಲಿನ ಪಶ್ಚಿಮ ಇಂಗ್ಲೆಂಡ್ ಪ್ರಾಂತ್ಯದ ಮೇಯರ್ ಆಗಿ ಲೇಬರ್ ಅಭ್ಯರ್ಥಿ ಗೆದ್ದದ್ದು ಬರೀ 25 ಶೇಕಡಾ ವೋಟಿನಲ್ಲಿ. ಅದೇ ದಿನ ರನ್‌ಕಾರ್ನ್ ಸಂಸತ್ ಉಪಚುನಾವಣೆಯಲ್ಲಿ ರಿಫಾರ್ಮ್ ಗೆದ್ದದ್ದು ಆರೇ ಆರು ವೋಟಿನಲ್ಲಿ. ನಾರ್ತಂಬರ್ಲೆಂಡ್‌ನ ಸೌತ್ ಬ್ಲೈತ್ ವಾರ್ಡಿನಲ್ಲಿ 2017ರಲ್ಲಿ ಇಬ್ಬರಿಗೂ ಸಮ ವೋಟು ಬಂದು, ಕಡ್ಡಿ ಎತ್ತಿಸಿ ತೀರ್ಮಾನ ಮಾಡಿದರು. ಉದ್ದ ಕಡ್ಡಿ ಲಿಬರಲ್ ಡೆಮೊಕ್ರಾಟ್ ಕೈಗೆ ಬಂತು. ಕನ್ಸರ್ವೇಟಿವ್‌ಗೆ ಇಡೀ ಕೌನ್ಸಿಲ್‌ನ ಬಹುಮತ ತಪ್ಪಿತು.

ನಿಮ್ಮ ವಾರ್ಡಿನ ಲೆಕ್ಕ

ಯಾರು ಗೆಲ್ಲಬಹುದು ಅಂತ ತಿಳಿಯಲು ದೇಶದ ಸಮೀಕ್ಷೆ ನೋಡಬೇಡಿ. ನಿಮ್ಮ ಕೌನ್ಸಿಲ್ ವೆಬ್‌ಸೈಟಿಗೆ ಹೋಗಿ 2022ರ ನಿಮ್ಮ ವಾರ್ಡಿನ ಫಲಿತಾಂಶ ತೆಗೆಯಿರಿ. ಮಧ್ಯೆ ಉಪಚುನಾವಣೆ ನಡೆದಿದ್ದರೆ ಅದನ್ನೂ. ಮೂರು ಸ್ಥಾನದ ವಾರ್ಡಿನಲ್ಲಿ ಜಾಸ್ತಿ ವೋಟು ಪಡೆದ ಮೂವರು ಗೆಲ್ಲುತ್ತಾರೆ, ಅಷ್ಟೇ ನಿಯಮ. ಆದ್ದರಿಂದ ನೀವು ನೋಡಬೇಕಾದದ್ದು ಒಂದೇ ಅಂತರ. ಮೂರನೆಯವರಾಗಿ ಗೆದ್ದವರಿಗೂ ನಾಲ್ಕನೆಯವರಾಗಿ ಸೋತವರಿಗೂ ಎಷ್ಟು ವ್ಯತ್ಯಾಸ?

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಲೇಬರ್‌ನ ಮೂವರಿಗೆ 1,500, 1,420, 1,390. ಕನ್ಸರ್ವೇಟಿವ್‌ನ ಮೊದಲಿಗರಿಗೆ 1,350. ಗ್ರೀನ್‌ಗೆ 700. ನೋಡಲು ಲೇಬರ್ ಗಟ್ಟಿಯಾಗಿದೆ. ಆದರೆ ಮೂರನೇ ಕುರ್ಚಿ 40 ವೋಟಿನ ಮೇಲೆ ನಿಂತಿದೆ. ಲೇಬರ್‌ನ ನೂರು ಜನ ಗ್ರೀನ್ ಕಡೆ ಹೋದರೆ ಗ್ರೀನ್ ಗೆಲ್ಲುವುದಿಲ್ಲ, ಕನ್ಸರ್ವೇಟಿವ್ ಒಂದು ಸ್ಥಾನ ಪಡೆಯುತ್ತದೆ. ಕನ್ಸರ್ವೇಟಿವ್ ವೋಟು ರಿಫಾರ್ಮ್‌ಗೆ ಒಡೆದರೆ ಲೇಬರ್ ಬಚಾವ್. ಇಬ್ಬರ ಜಗಳ ಮೂರನೆಯವರಿಗೆ ಲಾಭ ಅನ್ನುವ ಮಾತು ಇಲ್ಲಿ ಅಕ್ಷರಶಃ ನಿಜ. ನಿಮ್ಮ ವಾರ್ಡಿನ ಅಂತರ 100ರ ಒಳಗಿದ್ದರೆ, ಗೆಲ್ಲಬಲ್ಲ ಇಬ್ಬರಲ್ಲಿ ಯಾರು ವಾಸಿ ಅಂತ ಯೋಚಿಸಿ ಹಾಕಿ. ಅಂತರ 800, 1,000 ಇದ್ದರೆ ಮನಸ್ಸಿಗೆ ಬಂದ ಪಕ್ಷಕ್ಕೆ ಹಾಕಿ. ಆ ವೋಟು ಮುಂದಿನ ಸಲ ಅವರ ಬಲ ತೋರಿಸುತ್ತದೆ, ದಂಡ ಅಲ್ಲ.

ಕರಪತ್ರದ ಕಂಬದ ಚಿತ್ರವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. "ಇಲ್ಲಿ ನಾವೇ ಗೆಲ್ಲುವವರು, ಅವರಿಗೆ ಹಾಕಿದರೆ ವೋಟು ವ್ಯರ್ಥ" ಅಂತ ಬರೆದು ಪಕ್ಕದಲ್ಲಿ ಬಣ್ಣದ ಕಂಬಗಳನ್ನು ನಿಲ್ಲಿಸಿರುತ್ತಾರೆ. ನಮ್ಮ ಮನೆಗೆ ಬಂದದ್ದರ ಮೇಲೆ ಮಗಳ ಸ್ಕೇಲ್ ಇಟ್ಟು ಅಳೆದೆ. 38 ಶೇಕಡಾದ ಕಂಬ ಆರು ಸೆಂಟಿಮೀಟರ್. 21 ಶೇಕಡಾದ್ದು ಒಂದೇ ಸೆಂಟಿಮೀಟರ್. ಸರಿಯಾಗಿ ಬರೆದಿದ್ದರೆ ಮೂರಕ್ಕಿಂತ ಜಾಸ್ತಿ ಇರಬೇಕಿತ್ತು. ಕೆಳಗೆ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ಅದು ಸಂಸತ್ ಚುನಾವಣೆಯ ಅಂಕಿ ಅಂತ ಬರೆದಿತ್ತು. ವಾರ್ಡಿನದ್ದೇ ಅಲ್ಲ! ಯಾವ ಪಕ್ಷದ್ದು ಅಂತ ಬೇಡ. ನಿಮ್ಮ ಕೈಗೆ ಬಂದ ಕರಪತ್ರದಲ್ಲೂ ಆ ಚಿಕ್ಕ ಅಕ್ಷರವನ್ನೇ ಮೊದಲು ಓದಿ.

ಪಕ್ಷವೋ, ಮನುಷ್ಯರೋ?

ಇಲ್ಲಿ ಕೌನ್ಸಿಲ್ ಚುನಾವಣೆಗೆ ಠೇವಣಿ ಇಲ್ಲ. ಹಾಗಾಗಿ ಪಕ್ಷಗಳು ಎಲ್ಲ ವಾರ್ಡಿನಲ್ಲೂ ಹೆಸರು ತುಂಬಿಸುತ್ತವೆ. ಅದರಲ್ಲಿ ಅರ್ಧ ಜನ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಇಲ್ಲಿಯವರು ಅಂಥವರನ್ನು ಕಾಗದದ ಅಭ್ಯರ್ಥಿ ಅನ್ನುತ್ತಾರೆ. ಕರಪತ್ರ ಇಲ್ಲ, ಬಾಗಿಲಿಗೆ ಬರುವುದಿಲ್ಲ, ಕೆಲವರ ವಿಳಾಸ ಊರಿನ ಇನ್ನೊಂದು ತುದಿಯಲ್ಲಿ. ಏಪ್ರಿಲ್ ಎರಡನೇ ವಾರದಲ್ಲಿ ಕೌನ್ಸಿಲ್ ಅಭ್ಯರ್ಥಿಗಳ ಪಟ್ಟಿ ಪ್ರಕಟಿಸುತ್ತದೆ. ಅದನ್ನು ಹಿಡಿದು ಎಲ್ಲರಿಗೂ ಒಂದೇ ಇಮೇಲ್ ಕಳಿಸಿ, ಒಂದೇ ಪ್ರಶ್ನೆ ಕೇಳಿ. ನಾನು ಹಿಂದೊಮ್ಮೆ ಏಳು ಜನರಿಗೆ ಬರೆದೆ. ಮೂವರು ಉತ್ತರ ಕೊಟ್ಟರು. ಒಬ್ಬರು ಮಾತ್ರ ಬೀದಿಯ ಹೆಸರು ಹೇಳಿ, ಅಲ್ಲಿಯ ಚರಂಡಿ ಮುಚ್ಚಳದ ಕಥೆ ಬರೆದರು. ನನ್ನ ವೋಟು ಅವರಿಗೇ ಹೋಯಿತು. ಪಕ್ಷ ನನ್ನದಾಗಿರಲಿಲ್ಲ.

ಈಗಾಗಲೇ ಕೌನ್ಸಿಲರ್ ಆಗಿದ್ದವರನ್ನು ಅಳೆಯುವುದು ಇನ್ನೂ ಸುಲಭ. ಎಷ್ಟು ಸಭೆಗೆ ಬಂದರು, ಯಾವ ಸಮಿತಿಯಲ್ಲಿದ್ದರು, ಅವರ ಆಸ್ತಿ–ವ್ಯವಹಾರದ ಘೋಷಣೆ ಏನು ಅನ್ನುವುದು ಕೌನ್ಸಿಲ್ ಪುಟದಲ್ಲೇ ಸಿಗುತ್ತದೆ. ಸಭೆಗಳ ವಿಡಿಯೊ ಇದ್ದರೆ ಹತ್ತು ನಿಮಿಷ ನೋಡಿ.

ನಮ್ಮವರು ನಿಂತರೆ? ಇದು ಸೂಕ್ಷ್ಮ ಪ್ರಶ್ನೆ. ಕಲಬುರಗಿಯಿಂದ ಬಂದ ಡಾ. ನೀರಜ್ ಪಾಟೀಲ್ ಲ್ಯಾಂಬೆತ್‌ನಲ್ಲಿ ಲೇಬರ್ ಕೌನ್ಸಿಲರ್ ಆಗಿ, 2010–11ರಲ್ಲಿ ಮೇಯರ್ (ಅಲ್ಲಿ ಕೌನ್ಸಿಲ್ ವರ್ಷಕ್ಕೊಮ್ಮೆ ಆರಿಸುವ ಗೌರವ ಹುದ್ದೆ) ಆದರು. ಥೇಮ್ಸ್ ದಂಡೆಯಲ್ಲಿ ಬಸವೇಶ್ವರರ ಪ್ರತಿಮೆ ನಿಲ್ಲಲು ಶ್ರಮಪಟ್ಟವರೂ ಅವರೇ. 2015ರ ನವೆಂಬರ್‌ನಲ್ಲಿ ಅದು ಅನಾವರಣವಾಯಿತು. ಅದನ್ನು ನೋಡಿದಾಗೆಲ್ಲ ಎದೆ ತುಂಬುತ್ತದೆ. ನಮ್ಮ ಭಾಷೆ ಗೊತ್ತಿರುವವರು ಗೆದ್ದರೆ ಇಂಗ್ಲಿಷ್ ಬಾರದ ಅಜ್ಜಿಯೂ ಕಷ್ಟ ಹೇಳಿಕೊಳ್ಳಬಹುದು. ಆದರೆ ಹೆಸರು ಕನ್ನಡದ್ದು ಅಂತ ಮಾತ್ರ ವೋಟು ಹಾಕಬೇಡಿ. ಅವರಿಗೂ ಅದೇ ಇಮೇಲ್ ಕಳಿಸಿ.

ಮತಪತ್ರದಲ್ಲಿ ಹೆಸರು ಮನೆತನದ ಹೆಸರಿನ ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಇರುತ್ತದೆ. ಒಂದೇ ಪಕ್ಷದ ಮೂವರಲ್ಲಿ ಮೇಲಿರುವವರಿಗೆ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಬೀಳುತ್ತದೆ. ಪಟ್ಟಿಯ ಕೊನೆಯವರೆಗೂ ಓದಿ.

ಸ್ಥಳೀಯ ಸಂಘದವರು, ಪಕ್ಷೇತರರು? ಹೇವರಿಂಗ್‌ನಲ್ಲಿ ನಿವಾಸಿಗಳ ಸಂಘವೇ 2022ರ ನಂತರ ಲೇಬರ್ ಜೊತೆ ಸೇರಿ ಆಡಳಿತ ನಡೆಸಿತು. ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಆಸ್ಪೈರ್ ಅನ್ನುವ ಸ್ಥಳೀಯ ಪಕ್ಷ ಲೇಬರನ್ನೇ ಸೋಲಿಸಿತು. ಕರ್ನಾಟಕದ ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲದೆ ಚುನಾವಣೆ ನಡೆಯುವುದನ್ನು ಕಂಡ ನಮಗೆ ಇದು ಹೊಸದಲ್ಲ. ಬೀದಿ ಗೊತ್ತಿರುವವರು ಅನ್ನುವುದು ಇವರ ಬಲ. ಒಬ್ಬರೇ ಗೆದ್ದರೆ ಬಜೆಟ್ ಬದಲಿಸಲು ಆಗುವುದಿಲ್ಲ ಅನ್ನುವುದು ಮಿತಿ. ಗುಂಪಾಗಿ ನಿಂತಿದ್ದರೆ ಹಾಕಿ, ಒಂಟಿಯಾಗಿದ್ದರೆ ಮೂರರಲ್ಲಿ ಒಂದು ವೋಟು ಸಾಕು.

ಮೂರೂ ವೋಟು ಹಾಕಲೇಬೇಕು ಅಂತ ಇಲ್ಲ. ಒಬ್ಬರನ್ನು ಗೆಲ್ಲಿಸಲೇಬೇಕು ಅನ್ನುವ ಹಟ ಇದ್ದರೆ ಒಂದೇ ಗುರುತು ಹಾಕಿ ಬನ್ನಿ. ಉಳಿದೆರಡು ವೋಟು ಅವರ ಎದುರಾಳಿಗೆ ನೆರವಾಗುವುದು ತಪ್ಪುತ್ತದೆ. ನಾಲ್ಕು ಹಾಕಿದರೆ ಮಾತ್ರ ಇಡೀ ಮತಪತ್ರ ಅಸಿಂಧು.

ಮತಗಟ್ಟೆಯೋ, ಅಂಚೆಯೋ?

ನೋಂದಣಿಗೆ ಕೊನೆ ದಿನ ಏಪ್ರಿಲ್ 20. ಅಂಚೆ ವೋಟಿಗೆ ಅರ್ಜಿ ಏಪ್ರಿಲ್ 21ರ ಸಂಜೆ 5ರೊಳಗೆ. ಮೇ ತಿಂಗಳಲ್ಲಿ ಊರಿಗೆ, ಮದುವೆಗೆ ಹೋಗುವವರು ಏಪ್ರಿಲ್ 28ರೊಳಗೆ ಅರ್ಜಿ ಹಾಕಿ ಇಲ್ಲಿರುವ ಗೆಳೆಯರಿಂದ ಬದಲಿ ವೋಟು ಹಾಕಿಸಬಹುದು. ಭಾರತಕ್ಕೆ ಮತಪತ್ರ ತರಿಸಿಕೊಳ್ಳುವುದಕ್ಕಿಂತ ಇದು ವಾಸಿ, ಅಂಚೆ ಸಮಯಕ್ಕೆ ವಾಪಸ್ ಬರುವ ಭರವಸೆ ಇಲ್ಲ.

ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. 2023ರಿಂದ ಫೋಟೊ ಇರುವ ಗುರುತಿನ ಚೀಟಿ ಕಡ್ಡಾಯ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಇಲ್ಲಿಯ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ. ಆಧಾರ್, ಪ್ಯಾನ್, ಭಾರತದ ಡ್ರೈವಿಂಗ್ ಲೈಸೆನ್ಸ್, ಆಫೀಸಿನ ಕಾರ್ಡು ನಡೆಯುವುದಿಲ್ಲ. ಬಾಗಿಲಲ್ಲಿ ಬಣ್ಣದ ಬಿಲ್ಲೆ ಹಾಕಿಕೊಂಡು ಮತದಾರರ ಪಟ್ಟಿಯ ನಿಮ್ಮ ಸಂಖ್ಯೆ ಕೇಳುವವರು ಪಕ್ಷದ ಕಾರ್ಯಕರ್ತರು. ಹೇಳಬೇಕೆಂಬ ಕಡ್ಡಾಯ ಇಲ್ಲ. ಒಳಗೆ ಪೆನ್ಸಿಲ್ ಇರುತ್ತದೆ. ನಿಮ್ಮ ಪೆನ್ನಿನಲ್ಲಿ ಬೇಕಾದರೂ ಗುರುತು ಹಾಕಬಹುದು.

ನನ್ನ ಎರಡು ವೋಟು ತೀರ್ಮಾನವಾಗಿದೆ. ಮೂರನೆಯದು ಇನ್ನೂ ಇಲ್ಲ. ಮಗಳ ಶಾಲೆಯ ಮುಂದಿನ ತಿರುವಿನಲ್ಲಿ ಮಕ್ಕಳು ರಸ್ತೆ ದಾಟುವ ಜಾಗಕ್ಕೆ ಪಟ್ಟೆ ಇಲ್ಲ, ಬೆಳಿಗ್ಗೆ ಎಂಟೂವರೆಗೆ ಕಾರುಗಳು ಅಲ್ಲಿ ಜೋರಾಗಿ ಬರುತ್ತವೆ. ಅದು ಕೌನ್ಸಿಲ್ ರಸ್ತೆ. ಏಳು ಅಭ್ಯರ್ಥಿಗಳಿಗೆ ನಿನ್ನೆ ರಾತ್ರಿ ಅದೊಂದೇ ಪ್ರಶ್ನೆ ಬರೆದಿದ್ದೇನೆ. ಇವತ್ತಿನವರೆಗೆ ಬಂದಿರುವುದು ಒಂದು ಉತ್ತರ.